ಒಳ ಅಳತೆ

ನಮ್ಮ ಜೈಲಿನ ಗೇಟಿನ ಪಕ್ಕ ಒಂದು ಕಪ್ಪು ಹಲಗೆ ಇದೆ. ಮೇಲಿನ ಸಾಲನ್ನು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ: ಸಾಮರ್ಥ್ಯ 288. ಅದು ಬದಲಾಗುವುದಿಲ್ಲ. ಕೆಳಗಿನ ಸಾಲು ಸೀಮೆಸುಣ್ಣದ್ದು. ದಿನಾ ಬೆಳಿಗ್ಗೆ ಗುಮಾಸ್ತ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ ಹೊಸದು ಬರೆಯುತ್ತಾನೆ. ನಾನು ಹೇಳುತ್ತಿರುವ ತಿಂಗಳ ಮೊದಲ ದಿನ ಅಲ್ಲಿ 571 ಎಂದಿತ್ತು. ಅದರಡಿ ಸಣ್ಣಗೆ: ಶಿಕ್ಷೆ ಆದವರು 148, ವಿಚಾರಣೆಗೆ ಕಾದಿರುವವರು 423.

ಆ 423ರಲ್ಲಿ ಒಬ್ಬ ನನ್ನ ತಮ್ಮ.

ಗುಮಾಸ್ತನಿಗೆ ನಾವೆಲ್ಲ ಇಟ್ಟ ಹೆಸರು ಶೇಕಡಾ. ಬಾಯಿ ಬಿಟ್ಟರೆ ಅದೇ ಮಾತು. "ಮೇಸ್ತ್ರಿ, ಇವತ್ತು ನೂರ ತೊಂಬತ್ತೆಂಟು ಪರ್ಸೆಂಟು. ರಾಜ್ಯದ ಸರಾಸರಿ ನೂರ ನಲವತ್ತೆರಡು. ನಾವೇ ಮುಂದೆ" ಎನ್ನುತ್ತಿದ್ದ. ಒಂದು ದಿನ ರೇಗಿ, "ಪರೀಕ್ಷೇಲಿ ಇಷ್ಟು ತೆಗೆದಿದ್ರೆ ಇಲ್ಲಿ ಯಾಕೆ ಬಂದು ಕೂರ್ತಿದ್ದೆ" ಎಂದೆ. ಅವನಿಗೆ ಬೇಜಾರಾಗಲಿಲ್ಲ. ಅವನಿಗೆ ಯಾವುದಕ್ಕೂ ಬೇಜಾರಾಗುವುದಿಲ್ಲ.

ಆ ಅಂಕಿಯ ಹಿಂದೆ ಒಂದು ಆಟವಿತ್ತು. ಮೇಲಿನ ನ್ಯಾಯಾಲಯದ ಆದೇಶ ಹೀಗಿದೆ: ತಿಂಗಳ ಕೊನೆಯ ದಿನ ಯಾವ ಜೈಲಿನಲ್ಲಿ ಜನ ಸಾಮರ್ಥ್ಯದ ಎರಡರಷ್ಟನ್ನು ದಾಟಿರುತ್ತಾರೋ ಆ ಜೈಲಿಗೆ ನ್ಯಾಯಾಲಯವೇ ನೇಮಿಸಿದ ಕಮಿಟಿ ಬಿಡುಗಡೆಯ ಪಟ್ಟಿ ಮಾಡಬೇಕು. ಸಣ್ಣ ಕೇಸುಗಳಲ್ಲಿ ವಿಚಾರಣೆಗೆ ಕಾದು ಕೂತವರನ್ನು, ಹೆಚ್ಚು ದಿನ ಕಾದವರು ಮೊದಲು ಎಂಬ ಲೆಕ್ಕದಲ್ಲಿ, ಸಂಖ್ಯೆ ಎರಡರಷ್ಟಕ್ಕಿಂತ ಕೆಳಗಿಳಿಯುವವರೆಗೆ, ಸ್ವಂತ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು. 288ರ ಎರಡರಷ್ಟು 576. ತಿಂಗಳ ಕೊನೆ ಹತ್ತಿರ ಬಂದು ಹಲಗೆಯ ಅಂಕಿ ಐನೂರ ಎಂಬತ್ತಕ್ಕೆ ಹೋಯಿತೋ, ನೀಲಿ ವ್ಯಾನು ಬಂದು ನಿಲ್ಲುತ್ತಿತ್ತು. ಹತ್ತೋ ಹದಿನೈದೋ ಜನರನ್ನು ಪಕ್ಕದ ಜಿಲ್ಲೆಯ ಜೈಲಿಗೆ ಒಯ್ಯುತ್ತಿತ್ತು. ಹೊಸ ತಿಂಗಳ ಎರಡನೇ ದಿನ ಅದೇ ವ್ಯಾನು ಅದೇ ಜನರನ್ನು ತಂದು ಇಳಿಸುತ್ತಿತ್ತು. ಆದೇಶ ಬಂದ ನಾಲ್ಕು ವರ್ಷದಲ್ಲಿ ನಮ್ಮ ಜೈಲು ತಿಂಗಳ ಕೊನೆಯ ದಿನ 576ನ್ನು ಒಂದು ಸಲವೂ ದಾಟಲಿಲ್ಲ. ಪಟ್ಟಿ ಒಂದು ಸಲವೂ ಆಗಲಿಲ್ಲ.

ನಾನು ಗಾರೆ ಮೇಸ್ತ್ರಿ. ಇಪ್ಪತ್ತನಾಲ್ಕು ವರ್ಷದ ಹಿಂದೆ ಈ ಎಂಟು ಬ್ಯಾರಕ್ಕುಗಳನ್ನು ಕಟ್ಟಿದವರಲ್ಲಿ ನಾನೂ ಒಬ್ಬ. ಕಟ್ಟಿ ಮುಗಿಸಿದ ಮೇಲೆ ದುರಸ್ತಿಗೆ ಒಬ್ಬ ಬೇಕೆಂದು ನನ್ನನ್ನೇ ಇಟ್ಟುಕೊಂಡರು. ಸೋರುವ ಸೂರು, ಉದುರುವ ಗಿಲಾವು, ಕಟ್ಟಿಕೊಳ್ಳುವ ಮೋರಿ ಎಲ್ಲ ನನ್ನದೇ. ನನ್ನ ಸಿಟ್ಟು ಜಗತ್ತಿಗೇ ಗೊತ್ತು. ಆದರೆ ಮೇಸ್ತ್ರಿ ಅಳತೆ ತಪ್ಪಿದ ಎಂದು ಮಾತ್ರ ಯಾರೂ ಯಾವತ್ತೂ ಹೇಳಿರಲಿಲ್ಲ.

ತಮ್ಮ ನನಗಿಂತ ಹದಿನಾರು ವರ್ಷಕ್ಕೆ ಚಿಕ್ಕವನು. ನನ್ನ ಹೆಗಲ ಮೇಲೆ ಬೆಳೆದವನು. ಗುಜರಿ ಅಂಗಡಿಯಲ್ಲಿ ತೂಕ ಮಾಡುವ ಕೆಲಸದಲ್ಲಿದ್ದ. ಯಾರೋ ಕದ್ದು ತಂದ ತಾಮ್ರದ ತಂತಿಯನ್ನು ಯಜಮಾನ ಕೊಂಡುಕೊಂಡ. ಪೊಲೀಸರು ಬಂದಾಗ ಯಜಮಾನ ಹಿಂದಿನ ಬಾಗಿಲಿಂದ ಓಡಿದ. ತಕ್ಕಡಿ ಹಿಡಿದು ನಿಂತಿದ್ದವನು ಸಿಕ್ಕಿಬಿದ್ದ. ಒಳಗೆ ಅವನಿಗೆ ತಕ್ಕಡಿ ಎಂದೇ ಹೆಸರು. ಬಾಡಿಗೆ ಮನೆಯವನು, ಊರು ಬಿಟ್ಟು ಹೋದಾನು ಎಂದು ಜಾಮೀನು ಎರಡು ಸಲವೂ ಸಿಗಲಿಲ್ಲ. ವಿಚಾರಣೆಗೆ ತಾರೀಖಿನ ಮೇಲೆ ತಾರೀಖು. ಸಾಕ್ಷಿ ಬರಲಿಲ್ಲ, ವಕೀಲರು ಬರಲಿಲ್ಲ, ಒಂದು ಸಲ ಕರೆದೊಯ್ಯಲು ವ್ಯಾನೇ ಬರಲಿಲ್ಲ. ಇಪ್ಪತ್ತೆರಡು ತಿಂಗಳಾಯಿತು.

ಆ ತಿಂಗಳ ಎರಡನೆಯ ದಿನ ಭೇಟಿಯ ದಿನ. ತಮ್ಮನ ಹೆಂಡತಿ ಜಾಲರಿಯ ಮುಂದೆ ನಿಂತು ಮಾತಾಡಿ ಬಂದವಳು, ಗೇಟಿನ ಹತ್ತಿರ ಮೋರಿಯ ಹೂಳು ಎತ್ತಿಸುತ್ತಿದ್ದ ನನ್ನ ಬಳಿ ಬಂದಳು.

"ಭಾವ, ನಿಮಗೆ ವಿಷಯ ಗೊತ್ತಾ?"

"ಏನು?"

"ಹದಿನೆಂಟನೇ ತಾರೀಖು ಕೋರ್ಟಲ್ಲಿ ಕದ್ದ ಮಾಲು ಅಂತ ಗೊತ್ತಿದ್ದೇ ತೂಗಿದೆ ಅಂತ ಒಪ್ಕೋತಾರಂತೆ. ಒಪ್ಪಿದ್ರೆ ಎರಡು ವರ್ಷ. ಇಪ್ಪತ್ತೆರಡು ತಿಂಗಳು ಆಗಿಹೋಗಿದೆ, ಇನ್ನೆರಡೇ ತಿಂಗಳು ಅಂತ ಬೆರಳು ಮಡಚಿ ಲೆಕ್ಕ ಹೇಳಿದ್ರು."

ನನ್ನ ಕೈಯಲ್ಲಿದ್ದ ಸನಿಕೆ ಕೆಳಗೆ ಬಿತ್ತು. "ಕಳ್ಳ ಅಂತ ಬರೆಸಿಕೊಳ್ತಾನಾ? ನಮ್ಮ ಮನೇಲಿ..."

"ನಿಮ್ಮ ಮನೆ ಮಾತು ಆಮೇಲೆ. ನಾಳೆ ಅವರಿಗೆ ಯಾರು ತಕ್ಕಡಿ ಕೊಡ್ತಾರೆ, ಹೇಳಿ. ಮಗಳ ಸ್ಕೂಲಲ್ಲಿ ಅಪ್ಪ ಏನು ಮಾಡ್ತಾರೆ ಅಂತ ಕೇಳಿದ್ರೆ ಏನು ಹೇಳಲಿ?" ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಇಪ್ಪತ್ತನಾಲ್ಕು ವರ್ಷದಿಂದ ಈ ಗೋಡೆಗೆ ಸುಣ್ಣ ಬಳೀತಿದ್ದೀರಲ್ಲ ಭಾವ. ಒಂದು ಕಿಟಕಿಯಾದ್ರೂ ನಿಮ್ಮ ಮಾತು ಕೇಳಲ್ವಾ?"

ಬಿದ್ದ ಸನಿಕೆ ಎತ್ತಿಕೊಂಡು ಮೋರಿಗೆ ಇಳಿದೆ. ಬಾಯಿ ಬಿಟ್ಟಿದ್ದರೆ ಬೈಗುಳವೇ ಬರುತ್ತಿತ್ತು.

ಮಾರನೆಯ ದಿನ ನಾಲ್ಕನೇ ಬ್ಯಾರಕ್ಕಿನ ನೆಲ ಕಿತ್ತು ಹೊಸದು ಹಾಕುವ ಕೆಲಸ ಶುರುವಾಯಿತು. ನೆಲ ಬಿರುಕು ಬಿಟ್ಟು ಕೆಳಗಿಂದ ತೇವ ಏರುತ್ತಿತ್ತು, ಮಲಗಿದವರ ಬೆನ್ನಿಗೆ ಹುಣ್ಣಾಗುತ್ತಿತ್ತು. ಎಪ್ಪತ್ತೊಂದು ಜನರನ್ನು ಕಾರ್ಖಾನೆಯ ಶೆಡ್ಡಿಗೆ ಸಾಗಿಸಿದ್ದರು. ಖಾಲಿ ಬ್ಯಾರಕ್ಕನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಮಧ್ಯೆ ನಿಂತು ನೆಲ ನೋಡಿದೆ.

ನೆಲದ ತುಂಬ ಗೆರೆಗಳು. ಮೊಳೆಯಲ್ಲಿ ಕೆರೆದವು. ಗೋಡೆಯಿಂದ ಒಳಮುಖವಾಗಿ ಆಳವಾದ ಹಳೆಯ ಗೆರೆಗಳಿದ್ದವು, ನಾಲ್ಕು ಅಡಿಗೊಂದು. ಎರಡು ಗೆರೆಗಳ ನಟ್ಟನಡುವೆ ಇನ್ನೊಂದು ಗೆರೆ, ಸ್ವಲ್ಪ ತೆಳು. ಅದನ್ನು ಯಾರೋ ಅಡ್ಡಡ್ಡ ಗೀಚಿ ಹೊಡೆದುಹಾಕಿದ್ದರು. ಅದರ ಎಡಕ್ಕೊಂದು ಬಲಕ್ಕೊಂದು ಎರಡು ಹೊಸ ಗೆರೆ, ಇನ್ನೂ ಬೆಳ್ಳಗಿದ್ದವು. ಒಬ್ಬನ ಜಾಗ ಇಬ್ಬರದಾಯಿತು. ಇಬ್ಬರದು ಮೂವರದಾಯಿತು. ಟೇಪು ಹಿಡಿದೆ. ಹೊಸ ಗೆರೆಗಳ ನಡುವೆ ಹದಿನಾರು ಇಂಚು. ಬಾಗಿಲು, ಕಕ್ಕಸು, ನೀರಿನ ತೊಟ್ಟಿ ಕಳೆದರೆ ಇಪ್ಪತ್ತನಾಲ್ಕು ಪಾಲು. ಪಾಲಿಗೆ ಮೂವರಂತೆ ಎಪ್ಪತ್ತೆರಡು. ಎಪ್ಪತ್ತೊಂದು ಜನ, ಒಂದು ಜಾಗ ಚಪ್ಪಲಿಗಳಿಗೆ.

ನನ್ನ ಜೊತೆ ಗಾರೆ ಕಲಸಲು ಬಂದಿದ್ದ ಕೈದಿಗಳಲ್ಲಿ ಒಬ್ಬ ವಯಸ್ಸಾದ ದರ್ಜಿ. ತಮ್ಮನ ಪಕ್ಕದ ಜಾಗದವನು. "ಏನು ನೋಡ್ತಿದ್ದೀರಿ ಮೇಸ್ತ್ರಿ? ಹೊಲಿಗೆ ಸರಿ ಇದೆಯಾ?" ಎಂದ.

"ಹದಿನಾರು ಇಂಚಲ್ಲಿ ಹ್ಯಾಗಯ್ಯಾ ಮಲಗ್ತೀರಿ?"

"ಪಕ್ಕಕ್ಕೆ. ಒಬ್ಬ ಮಗ್ಗುಲಾದ್ರೆ ಸಾಲೇ ಮಗ್ಗುಲಾಗಬೇಕು. 'ಮಗ್ಗುಲು' ಅಂತ ನಿಮ್ಮ ತಮ್ಮನೇ ಕೂಗೋನು. ಅವನ ಗಂಟಲಲ್ಲಿ ತೂಕ ಇದೆ."

ನಾನು ಬೇರೆ ಕಡೆ ತಿರುಗಿ ಗೋಡೆಯಿಂದ ಗೋಡೆಗೆ ಅಳೆದೆ. ನೆಲ ಹಾಕಲು ಸಿಮೆಂಟು ಎಷ್ಟು ಬೇಕೆಂದು ಬರೆದುಕೊಡಬೇಕಿತ್ತು. ಉದ್ದ ಅರವತ್ತು ಅಡಿ, ಅಗಲ ಇಪ್ಪತ್ತು. ಮೂಲೆಯ ಕಕ್ಕಸಿನ ಕಟ್ಟೆ ಎಂಟಡಿಗೆ ಐದಡಿ. ಚೀಟಿಯಲ್ಲಿ ಬರೆದು ಶೇಕಡಾನ ಮೇಜಿನ ಮೇಲಿಟ್ಟೆ.

ಅವನು ದಪ್ಪದೊಂದು ರಿಜಿಸ್ಟರು ತೆಗೆದು ಚೀಟಿಯ ಪಕ್ಕ ಇಟ್ಟುಕೊಂಡ. ತಲೆ ಅಲ್ಲಾಡಿಸಿದ.

"ತಪ್ಪು ಅಳತೆ ತಂದಿದ್ದೀರಿ ಮೇಸ್ತ್ರಿ. ಅರವತ್ತಮೂರು, ಇಪ್ಪತ್ತಮೂರು ಇರಬೇಕು."

ನನಗೆ ತಲೆಗೇರಿತು. "ಯಾರೋ ಅದನ್ನ ಬರೆದ ಪುಣ್ಯಾತ್ಮ? ಕಣ್ಣಿದ್ದು ಅಳೆದನಾ, ಕಣ್ಣು ಮುಚ್ಚಿ ಅಳೆದನಾ?"

ಶೇಕಡಾ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿದ. ಹಳದಿ ಬಣ್ಣಕ್ಕೆ ತಿರುಗಿದ ಹಾಳೆ. ಎಂಟು ಬ್ಯಾರಕ್ಕು, ಎಂಟು ಸಾಲು. ಪ್ರತಿ ಸಾಲಿನಲ್ಲೂ 63 × 23. ಕೆಳಗೆ, ಅಳತೆ ಕೊಟ್ಟವರ ಸಹಿ. ಹಳ್ಳಿ ಶಾಲೆಯಲ್ಲಿ ಕಲಿತ ಉರುಟು ಅಕ್ಷರ. ನನ್ನದೇ.

ಆ ದಿನ ನೆನಪಿಗೆ ಬಂತು. ಕಟ್ಟಡ ಮುಗಿದಿತ್ತು. ಆಗಿನ ಗುಮಾಸ್ತ ಮರದ ನೆರಳಲ್ಲಿ ಕೂತು, "ಏ, ಒಂದೊಂದು ಬ್ಯಾರಕ್ಕು ಎಷ್ಟೆಷ್ಟೋ?" ಎಂದು ಕೂಗಿದ. ಅಟ್ಟಣಿಗೆ ಮೇಲಿದ್ದ ನಾನು ಅಲ್ಲಿಂದಲೇ, "ಅರವತ್ತಮೂರು ಇಪ್ಪತ್ತಮೂರು" ಎಂದೆ. ಗೋಡೆ ಕಟ್ಟುವವನನ್ನು ಕೇಳಿದರೆ ಹೊರ ಅಳತೆ ಹೇಳುತ್ತಾನೆ. ಪಾಯ ತೋಡುವುದು ಅದಕ್ಕೆ, ದಾರ ಕಟ್ಟುವುದು ಅದಕ್ಕೆ. ನೆಲ ಹಾಕುವವನನ್ನು ಕೇಳಿದರೆ ಒಳ ಅಳತೆ ಹೇಳುತ್ತಾನೆ. ಆಗ ನಾನು ಗೋಡೆಯವನು. ಈಗ ನೆಲದವನು. ಗುಮಾಸ್ತ ಯಾವುದು ಎಂದು ಕೇಳಲಿಲ್ಲ, ನಾನು ಯಾವುದು ಎಂದು ಹೇಳಲಿಲ್ಲ. ಇಳಿದು ಬಂದು ಸಹಿ ಹಾಕಿದೆ.

"ಇದರಿಂದಲೇನಾ ಇನ್ನೂರ ಎಂಬತ್ತೆಂಟು ಬಂದಿದ್ದು?" ಎಂದೆ.

"ಮತ್ತೆ ಆಕಾಶದಿಂದ ಬರುತ್ತಾ? ಒಬ್ಬನಿಗೆ ನಲವತ್ತು ಚದರಡಿ ಅಂತ ನಿಯಮ. ಅರವತ್ತಮೂರು ಇಪ್ಪತ್ತಮೂರಲೆ, ನಲವತ್ತರಿಂದ ಭಾಗಿಸಿದ್ರೆ ಮೂವತ್ತಾರು ಜನ. ಎಂಟು ಬ್ಯಾರಕ್ಕಿಗೆ ಇನ್ನೂರ ಎಂಬತ್ತೆಂಟು."

"ಒಳ ಅಳತೆಗೆ ಭಾಗಿಸು. ಕಕ್ಕಸು ಕಳೆದು."

ಅವನು ಪೆನ್ಸಿಲು ಹಿಡಿದ. ಬರೆಯುತ್ತ ಬರೆಯುತ್ತ ನಿಧಾನವಾದ. "ಇಪ್ಪತ್ತೊಂಬತ್ತು" ಎಂದ. "ಎಂಟಕ್ಕೆ ಇನ್ನೂರ ಮೂವತ್ತೆರಡು." ಪೆನ್ಸಿಲು ಕೆಳಗಿಟ್ಟ. "ಅಂದ್ರೆ ಬ್ಯಾರಕ್ಕಿಗೆ ಆರು ಜನ ಗೋಡೆಯೊಳಗೆ ಮಲಗಿದ್ದಾರೆ. ಒಬ್ಬ ಕಕ್ಕಸಿನ ಕಟ್ಟೆ ಮೇಲೆ."

ಬೇಜಾರೇ ಆಗದ ಮನುಷ್ಯನ ಮುಖ ಬೂದಿಯಾಗಿತ್ತು. ಎರಡರಷ್ಟು ಎಂದರೆ 464. ನಾವು ನಾಲ್ಕು ವರ್ಷವೂ ತಿಂಗಳು ತಿಂಗಳೂ ಅದನ್ನು ದಾಟಿಯೇ ಇದ್ದೆವು. ಪ್ರತಿ ತಿಂಗಳೂ ಪಟ್ಟಿ ಆಗಬೇಕಿತ್ತು.

"ಆ ಪುಸ್ತಕ ಮುಚ್ಚಿ ಮೇಸ್ತ್ರಿ" ಎಂದ ಶೇಕಡಾ, ಪುಸ್ತಕ ಅವನ ಕೈಯಲ್ಲೇ ಇದ್ದರೂ.

ಸಾಹೇಬರು, ಅಂದರೆ ಸೂಪರಿಂಟೆಂಡೆಂಟರು, ಕೆಟ್ಟವರಲ್ಲ. ಕೈದಿಗಳ ಮೇಲೆ ಕೈ ಮಾಡಿದವರಲ್ಲ. ಶೇಕಡಾ ಚೀಟಿ ಒಯ್ದು ತೋರಿಸಿದ ಮೇಲೆ ನನ್ನನ್ನು ಕರೆಸಿ, ಕೂರಿಸಿ ಬಾಗಿಲು ಹಾಕಿಸಿದರು.

"ನಿಮಗೆ ಇನ್ನೆಷ್ಟು ವರ್ಷ ಸರ್ವಿಸು?"

"ಎಂಟು ವರ್ಷ ಸಾರ್."

"ನನಗೆ ಎಂಟು ತಿಂಗಳು." ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ಈ ಚೀಟಿ ಹೊರಗೆ ಹೋದ್ರೆ ಎರಡು ಪ್ರಶ್ನೆ ಬರುತ್ತೆ. ತಪ್ಪು ಅಳತೆ ಕೊಟ್ಟವರು ಯಾರು? ಇಷ್ಟು ವರ್ಷ ನೋಡದೆ ಇದ್ದವರು ಯಾರು? ಎರಡನೆಯದಕ್ಕೆ ನೂರು ಹೆಸರು. ನೂರು ಹೆಸರಿದ್ರೆ ಯಾರ ಹೆಸರೂ ಇಲ್ಲ. ಮೊದಲನೆಯದಕ್ಕೆ ಒಂದೇ ಹೆಸರು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

"ಹಳೇ ಅಳತೇನೇ ಬರೆದು ಸಹಿ ಮಾಡಿ. ಉಳಿದ ಸಿಮೆಂಟಲ್ಲಿ ಆಸ್ಪತ್ರೆ ಕೋಣೆ ನೆಲಾನೂ ಸರಿ ಮಾಡಿ. ಒಳ್ಳೇ ಕೆಲಸವೇ. ನಿಮ್ಮ ತಮ್ಮನ್ನ ಅಡುಗೆಮನೆಗೆ ಹಾಕ್ತೀನಿ. ಅಲ್ಲಿ ಉಗ್ರಾಣದಲ್ಲಿ ಮಲಗೋರು ನಾಲ್ಕೇ ಜನ. ಕೈಕಾಲು ಚಾಚಬಹುದು."

ಅವರು ಹೊಸ ಕಾಗದ ನನ್ನ ಮುಂದಿಟ್ಟರು. ಅವರು ಬೈದಿದ್ದರೆ ನಾನೂ ಬೈದು ಎದ್ದು ಬರುತ್ತಿದ್ದೆ, ಅದು ನನಗೆ ಗೊತ್ತಿರುವ ಕೆಲಸ. ಅವರು ಮೆತ್ತಗೆ ಮಾತಾಡಿದರು. ನನ್ನ ಮಗನ ಓದು ಇನ್ನೂ ಮುಗಿದಿರಲಿಲ್ಲ. ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. "ಕನ್ನಡಕ ಮನೇಲಿದೆ ಸಾರ್, ನಾಳೆ ಬರೆದು ತರ್ತೀನಿ" ಎಂದೆ. ಕನ್ನಡಕ ನನ್ನ ಜೇಬಿನಲ್ಲೇ ಇತ್ತು. ಹಳೆಯ ಚೀಟಿ, ಹೊಸ ಕಾಗದ ಎರಡನ್ನೂ ಮಡಚಿ ಅದರ ಜೊತೆ ಇಟ್ಟುಕೊಂಡೆ.

ನಾಳೆ ಎಂದದ್ದು ಐದು ದಿನವಾಯಿತು. ದಿನಾ ಒಂದು ನೆಪ. ಅಷ್ಟರಲ್ಲಿ ನೆಲ ಕಿತ್ತು, ಜಲ್ಲಿ ಹಾಕಿ ದಮ್ಮಸು ಮಾಡಿದೆವು. ಎಂಟನೆಯ ದಿನ ಮಧ್ಯಾಹ್ನ ತಮ್ಮ ಕಬ್ಬಿಣದ ಬಾಣಲಿಯಲ್ಲಿ ಮರಳು ಹೊತ್ತು ಬಂದ. ಅವನನ್ನು ನಮ್ಮ ಕೆಲಸಕ್ಕೆ ಹಾಕಿದ್ದು ಸಾಹೇಬರೇ. ನನಗೆ ಸಹಿಯ ನೆನಪಾಗಲಿ ಎಂದಿರಬೇಕು. ಎರಡು ವರ್ಷದಲ್ಲಿ ಅವನ ಕತ್ತು ತೆಳ್ಳಗಾಗಿತ್ತು. ಹೆಚ್ಚಾಗಿ ಎಡ ಮಗ್ಗುಲಲ್ಲೇ ಮಲಗಿ ಮಲಗಿ ಎಡ ಭುಜ ಒಳಕ್ಕೆ ಹೋಗಿತ್ತು.

"ಕದ್ದೆ ಅಂತ ಒಪ್ಕೋತೀಯಂತೆ" ಎಂದೆ.

ಅವನು ಬಾಣಲಿ ಇಳಿಸಿದ. "ಕದ್ದೆ ಅಂದ್ರೆ ಎರಡು ತಿಂಗಳು ಅಣ್ಣ. ಕದ್ದಿಲ್ಲ ಅಂದ್ರೆ ಎಷ್ಟು ಅಂತ ನೀನೇ ಹೇಳು. ನಮ್ಮ ಬ್ಯಾರಕ್ಕಲ್ಲಿ ಕದ್ದವನೊಬ್ಬ ನನಗಿಂತ ಆಮೇಲೆ ಬಂದ, ಒಪ್ಕೊಂಡ, ನನಗಿಂತ ಮೊದಲೇ ಹೋದ. ಹೋಗೋವಾಗ ನನಗೆ ಬುದ್ಧಿ ಹೇಳಿ ಹೋದ."

"ನಾಚಿಕೆ ಆಗಲ್ವೇನೋ?"

"ನಾಚಿಕೆಗೆ ಅಗಲ ಬೇಕು. ಹದಿನಾರು ಇಂಚಲ್ಲಿ ಅದು ಹಿಡಿಸಲ್ಲ."

ಅವನ ಕೆನ್ನೆಗೆ ಹೊಡೆಯಬೇಕು ಎನ್ನಿಸಿತು. ಚಿಕ್ಕವನಿದ್ದಾಗ ಹೊಡೆದಿದ್ದೇನೆ. ಅದರ ಬದಲು ಜೇಬಿನಿಂದ ಎರಡೂ ಕಾಗದ ತೆಗೆದು ಅವನ ಕೈಗೆ ಕೊಟ್ಟೆ. ಹೊರ ಅಳತೆ, ಒಳ ಅಳತೆ, ಅಟ್ಟಣಿಗೆ ಮೇಲಿಂದ ಕೂಗಿದ್ದು, ಸಹಿ, 464, ಸಾಹೇಬರ ಮಾತು ಎಲ್ಲ ಹೇಳಿದೆ. ಅವನು ತೂಕದವನು, ಲೆಕ್ಕ ಎರಡು ಸಲ ಹೇಳಬೇಕಾಗಲಿಲ್ಲ. ಗೋಡೆಯತ್ತ ಒಮ್ಮೆ ನೋಡಿದ. ಆಮೇಲೆ ನಗತೊಡಗಿದ. ದರ್ಜಿ ತಿರುಗಿ ನೋಡಿದ.

"ಹಾಗಾದ್ರೆ ಇಪ್ಪತ್ತೆರಡು ತಿಂಗಳು ನಾನು ಮಲಗಿದ್ದು ನಿನ್ನ ಗೋಡೆಯೊಳಗೆ" ಎಂದ.

ನಾನು ತಲೆ ತಗ್ಗಿಸಿದೆ. ಯಾರ ಮುಂದೆಯೂ ತಗ್ಗಿಸಿದವನಲ್ಲ.

"ಸಹಿ ಮಾಡ್ತೀಯಾ?"

"ಗೊತ್ತಿಲ್ಲ ಕಣೋ. ಕೆಲಸ ಹೋಗುತ್ತೆ."

ಅವನು ಕಾಗದಗಳನ್ನು ಮಡಚಿ ನನ್ನ ಜೇಬಿಗೇ ಹಾಕಿದ. ಬಾಣಲಿ ಎತ್ತಿ ತಲೆಗೇರಿಸಿಕೊಂಡ. ಹೋಗುತ್ತ ನಿಂತು, "ಅಣ್ಣ, ಒಂದು ಮಾತು. ನೀನು ಮಾಡಿದ್ದನ್ನ ನೀನು ಒಪ್ಕೊಂಡ್ರೆ, ನಾನು ಮಾಡದ್ದನ್ನ ಒಪ್ಕೊಳಲ್ಲ. ತಕ್ಕಡಿ ಸರಿಹೋಗುತ್ತೆ" ಎಂದ. ತಮಾಷೆಗೆ ಹೇಳಿದಂತೆ ಹೇಳಿದ. ಮುಖ ನೋಡಿದರೆ ತಮಾಷೆ ಇರಲಿಲ್ಲ.

ಒಂಬತ್ತನೆಯ ದಿನ ಕಮಿಟಿಯ ಮೇಡಂ ಬಂದರು. ನಿವೃತ್ತ ನ್ಯಾಯಾಧೀಶರು, ಬಿಳಿ ಕೂದಲು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ತಿಂಗಳಿಗೊಮ್ಮೆ ಬರುತ್ತಿದ್ದರು, ಹಲಗೆ ಓದುತ್ತಿದ್ದರು, ಅಡುಗೆ ರುಚಿ ನೋಡುತ್ತಿದ್ದರು, ಹೋಗುತ್ತಿದ್ದರು. ಸಾಹೇಬರು ಅವರನ್ನು ನಾಲ್ಕನೇ ಬ್ಯಾರಕ್ಕಿಗೆ ಕರೆತಂದರು. ಹೊಸ ನೆಲ ತೋರಿಸಿದರೆ ಒಳ್ಳೆಯ ಹೆಸರು ಬರುತ್ತದಲ್ಲ.

"ಕೆಲಸ ಚೆನ್ನಾಗಿ ನಡೀತಿದೆ" ಎಂದರು ಮೇಡಂ. "ಇಲ್ಲಿ ಎಷ್ಟು ಜನ ಇರ್ತಾರೆ, ಮೇಸ್ತ್ರಿಗಳೇ?"

ಸಾಹೇಬರು ಉತ್ತರಿಸಲು ಬಾಯಿ ತೆರೆದರು. ನಾನು ಮೊದಲು ಹೇಳಿದೆ.

"ಎಪ್ಪತ್ತೊಂದು ಜನ ಮೇಡಂ. ಹಲಗೆ ಲೆಕ್ಕದಲ್ಲಿ ಮೂವತ್ತಾರು ಜನಕ್ಕೆ ಜಾಗ ಇದೆ. ನಿಜವಾಗಿ ಇರೋದು ಇಪ್ಪತ್ತೊಂಬತ್ತಕ್ಕೆ. ಆ ಹಲಗೆ ತಪ್ಪು. ತಪ್ಪು ನನ್ನದು."

ಬಾಗಿಲಲ್ಲಿ ನಿಂತಿದ್ದ ಶೇಕಡಾ ಕಣ್ಣು ಮುಚ್ಚಿಕೊಂಡ. ನಾನು ಹಳೆಯ ಚೀಟಿ ತೆಗೆದೆ. ಹಿಂದಿನ ಸಂಜೆ ಅದರಡಿಯಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿದ್ದೆ: ಇದು ಒಳ ಅಳತೆ. ರಿಜಿಸ್ಟರಿನಲ್ಲಿರುವುದು ಹೊರ ಅಳತೆ. ಅದರಲ್ಲಿ ಗೋಡೆಯ ದಪ್ಪವೂ ಸೇರಿದೆ. ಅದನ್ನೂ ಕೊಟ್ಟವನು ನಾನೇ.

ಮೇಡಂ ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು. ಸಾಹೇಬರು, "ಮೇಡಂ, ಇವರ ತಮ್ಮ ಇಲ್ಲೇ ಒಳಗಿದ್ದಾನೆ. ಅದಕ್ಕೇ..." ಎಂದರು.

"ಹೌದು ಮೇಡಂ, ಇದ್ದಾನೆ" ಎಂದೆ. ದನಿ ಏರಿತು, ತಡೆಯಲಾಗಲಿಲ್ಲ. "ಅವನು ಒಳಗಿದ್ದಾನೆ ಅಂತ ಗೋಡೆ ದಪ್ಪ ಆಗಲ್ಲ, ಹೊರಗಿದ್ದಾನೆ ಅಂತ ತೆಳ್ಳಗೆ ಆಗಲ್ಲ. ನನ್ನ ಮಾತು ನಂಬಬೇಡಿ. ಟೇಪು ನಂಬಿ."

ಮೇಡಂ ಕೈ ಚಾಚಿದರು. ನನಗೆ ತಕ್ಷಣ ತಿಳಿಯಲಿಲ್ಲ. "ಕೊಡಿ ಆ ತುದಿ" ಎಂದರು.

ಟೇಪಿನ ತುದಿ ಕೊಟ್ಟೆ. ಅವರು ಸೀರೆ ಎತ್ತಿ ಹಿಡಿದು, ಜಲ್ಲಿಯ ಮೇಲೆ ಚಪ್ಪಲಿ ಜಾರುತ್ತಿದ್ದರೂ ದೂರದ ಗೋಡೆಯವರೆಗೆ ನಡೆದರು. ಕುಕ್ಕರುಗಾಲಲ್ಲಿ ಕೂತು ತುದಿಯನ್ನು ಗೋಡೆಗೆ ಒತ್ತಿ ಹಿಡಿದರು. "ಓದಿ" ಎಂದರು.

"ನಾನಲ್ಲ ಮೇಡಂ. ಸಾಹೇಬರು ಓದಲಿ."

ಸಾಹೇಬರು ಬಗ್ಗಿದರು. ಬಹಳ ಹೊತ್ತು ಓದಿದರು. ಅರವತ್ತು ಎಂದು ಹೇಳಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. "ಅರವತ್ತು" ಎಂದರು.

ಅಗಲವನ್ನೂ ಹಾಗೆಯೇ ಅಳೆದೆವು. ಕಕ್ಕಸಿನ ಕಟ್ಟೆಯನ್ನೂ ಅಳೆದೆವು. ಮೂಗು ಮುಚ್ಚಿಕೊಳ್ಳದೆ ಮೇಡಂ ಅಲ್ಲೂ ತುದಿ ಹಿಡಿದರು. ಕಿಟಕಿಯ ಸಂದಿನಲ್ಲಿ ಗೋಡೆಯ ದಪ್ಪ ನೋಡಿದರು, ಒಂದೂವರೆ ಅಡಿ. ಎದ್ದು ಕೈ ಕೊಡವಿಕೊಂಡು, "ಇಲಾಖೆಯ ಎಂಜಿನಿಯರು ಬಂದು ಎಂಟೂ ಬ್ಯಾರಕ್ಕು ಅಳೆದು ವರದಿ ಕೊಡಬೇಕು. ಈ ತಿಂಗಳ ಒಳಗೇ" ಎಂದು ಸಾಹೇಬರಿಗೆ ಹೇಳಿದರು. ನನ್ನ ಕಡೆ ತಿರುಗಿದರು. "ಇದರಿಂದ ನಿಮಗೆ ಏನಾಗುತ್ತೆ ಅಂತ ಗೊತ್ತಾ?"

"ಗೊತ್ತು."

"ನಾನು ಅದನ್ನ ತಪ್ಪಿಸೋಕಾಗಲ್ಲ."

"ನಾನು ಕೇಳಲಿಲ್ಲವಲ್ಲ" ಎಂದೆ. ಒರಟಾಯಿತು. ಅವರು ತಪ್ಪು ತಿಳಿದುಕೊಳ್ಳಲಿಲ್ಲ.

ಹದಿನೆಂಟು ಬಂದರೂ ಎಂಜಿನಿಯರು ಬಂದಿರಲಿಲ್ಲ. ನನ್ನ ಬಳಿ ಇದ್ದದ್ದು ಮೇಡಂ ಹೇಳಿದ ಒಂದು ಮಾತು ಮಾತ್ರ. ಬೆಳಿಗ್ಗೆ ಕೋರ್ಟಿಗೆ ಹೋಗುವ ವ್ಯಾನಿಗೆ ತಮ್ಮನನ್ನು ಹತ್ತಿಸುತ್ತಿದ್ದಾಗ ಗೇಟಿನ ಬಳಿ ನಿಂತಿದ್ದೆ. ಕೈಕೋಳದ ಕೈಯನ್ನು ಸ್ವಲ್ಪ ಎತ್ತಿದ, ಅಷ್ಟೆ. ಕದ್ದೆ ಎಂದು ಒಪ್ಪಿಕೊಂಡರೆ ಅವನು ಶಿಕ್ಷೆ ಆದವರ ಸಾಲಿಗೆ ಹೋಗುತ್ತಾನೆ, ಪಟ್ಟಿ ಆದರೂ ಅದರಲ್ಲಿ ಇರುವುದಿಲ್ಲ. ಇಲ್ಲ ಎಂದರೆ, ಪಟ್ಟಿ ಆಗದೆ ಹೋದರೆ, ಇನ್ನೆಷ್ಟು ವರ್ಷವೋ. ಅವನ ಹೆಂಡತಿ ಕೋರ್ಟಿನಿಂದ ನೇರ ನನ್ನ ಬಳಿ ಬಂದಳು. ಸಂಜೆ ಐದು ಗಂಟೆ. ನಾನು ನೆಲಕ್ಕೆ ನೀರು ಬಿಟ್ಟು ಹೊರಗೆ ಬಂದಿದ್ದೆ.

"ಕದ್ದಿಲ್ಲ, ಗೊತ್ತಿರಲೂ ಇಲ್ಲ ಅಂದ್ರು ಭಾವ. ಜಡ್ಜು ತಲೆ ಎತ್ತಿ ನೋಡಿದ್ರು. ವಕೀಲರು ತಲೆ ಚಚ್ಚಿಕೊಂಡ್ರು. ಮುಂದಿನ ತಾರೀಖು ನಾಲ್ಕು ತಿಂಗಳ ಮೇಲೆ." ಅವಳು ನನ್ನನ್ನೇ ನೋಡುತ್ತಿದ್ದಳು. "ಅಣ್ಣ ಅಳತೆ ಸರಿಮಾಡಿದ್ದಾನೆ ಅಂತ ನನ್ನ ಹತ್ರ ಹೇಳಿದ್ರು. ಏನು ಅಳತೆ? ನನಗೆ ಒಂದೂ ಅರ್ಥ ಆಗ್ಲಿಲ್ಲ. ನಾಲ್ಕು ತಿಂಗಳು ನಾನು ಏನು ಮಾಡಲಿ?"

ನಾನು ಹೇಳಿದೆ. ಹೇಳುತ್ತ ಹೋದಂತೆ ನನ್ನ ಮಾತಿನಲ್ಲಿ ನನಗೇ ನಂಬಿಕೆ ಕಡಿಮೆಯಾಯಿತು.

ಎಂಜಿನಿಯರು ಬಂದದ್ದು ಇಪ್ಪತ್ತನಾಲ್ಕಕ್ಕೆ. ಎಂಟು ಬ್ಯಾರಕ್ಕು, ಎಂಟೂ ಅರವತ್ತು ಇಪ್ಪತ್ತು. ಒಂದು ಇಂಚು ಆಚೆ ಈಚೆ ಇರಲಿಲ್ಲ. "ಕೆಲಸ ಮಾತ್ರ ಖಡಕ್ಕಾಗಿದೆ" ಎಂದ ಆತ. ಇಪ್ಪತ್ತೆಂಟಕ್ಕೆ ಸಾಹೇಬರು ನನ್ನನ್ನು ಕರೆಸಿ, ಹಲಗೆಯ ಮೇಲಿನ ಸಾಲು ಕೆರೆದು ಹೊಸದು ಬರೆಯಲು ಹೇಳಿದರು. ಬಿಳಿ ಬಣ್ಣ, ಸಣ್ಣ ಬ್ರಷು. 232. ಅವರು ಹಿಂದೆ ನಿಂತು ನೋಡಿದರು. "ಎಂಟು ತಿಂಗಳು ತಡೀಬಹುದಿತ್ತು ಮೇಸ್ತ್ರಿ" ಎಂದರು. ದನಿಯಲ್ಲಿ ಕೋಪ ಇರಲಿಲ್ಲ.

ಅದೇ ದಿನ ನಾಲ್ಕನೇ ಬ್ಯಾರಕ್ಕಿನ ನೆಲಕ್ಕೆ ಕೊನೆಯ ಗಾರೆ ಹಚ್ಚಿದೆವು. ಹಸಿ ಸಿಮೆಂಟು ಕನ್ನಡಿಯಂತೆ ಹೊಳೆಯುತ್ತಿತ್ತು. ದರ್ಜಿ ಬಾಗಿಲಲ್ಲಿ ಕೂತು, "ಮೇಸ್ತ್ರಿ, ಹಸಿ ಇರುವಾಗಲೇ ಗೆರೆ ನೀವೇ ಹಾಕಿಬಿಡಿ. ಸಮ ಇರುತ್ತೆ. ಆಮೇಲೆ ನಾವು ಮೊಳೆ ಹಿಡಿದು ಜಗಳ ಆಡೋದು ತಪ್ಪುತ್ತೆ" ಎಂದ. ದಾರ ಹಿಡಿದು ಗೆರೆ ಎಳೆದೆ, ನಾಲ್ಕು ಅಡಿಗೊಂದು.

"ನಡುವೆ?" ಎಂದ.

"ನಡುವಿನದು ನಾನು ಹಾಕಲ್ಲ."

"ನಮ್ಮ ಮೇಲೆ ಸಿಟ್ಟಾ?"

"ನಿನ್ನ ಮೇಲಲ್ಲಯ್ಯಾ. ನಡುವಿನ ಗೆರೆ ಹಾಕೋರು ಬೇರೆ ಇದ್ದಾರೆ. ಅವರು ಬಂದು ಹಾಕಲಿ."

ತಿಂಗಳ ಕೊ‍ನೆಯ ದಿನ ಸೀಮೆಸುಣ್ಣದ ಸಾಲಿನಲ್ಲಿ 570 ಇತ್ತು. ಶೇಕಡಾ ಪಿಸುಗುಟ್ಟಿದ: "ಇನ್ನೂರ ನಲವತ್ತಾರು ಪರ್ಸೆಂಟು." ಹೆಮ್ಮೆ ಇರಲಿಲ್ಲ ಈ ಸಲ. ನೂರು ಜನರನ್ನು ಸಾಗಿಸುವಷ್ಟು ದೊಡ್ಡ ವ್ಯಾನು ಯಾರ ಬಳಿಯೂ ಇರಲಿಲ್ಲ. ಕಮಿಟಿ ಮಾಡಿದ ಪಟ್ಟಿಯಲ್ಲಿ ನೂರ ಎಪ್ಪತ್ತಮೂರು ಹೆಸರು. ತಮ್ಮ ತೊಂಬತ್ತೊಂದನೆಯವನು. ಎಲ್ಲರನ್ನೂ ಬಿಡಲಿಲ್ಲ. ನೂರ ಏಳು ಜನ ಮುಚ್ಚಳಿಕೆ ಬರೆದುಕೊಡುವ ಹೊತ್ತಿಗೆ ಒಳಗಿನ ಸಂಖ್ಯೆ 463 ಆಯಿತು, ಎರಡರಷ್ಟಕ್ಕಿಂತ ಒಂದು ಕಡಿಮೆ. ಅಲ್ಲಿಗೆ ಪೆನ್ನು ಮುಚ್ಚಿದರು. ನೂರ ಎಂಟನೆಯವನು ದರ್ಜಿ.

ಅವನು ಕೂಗಾಡಲಿಲ್ಲ. ನನ್ನ ತಮ್ಮ ಬಟ್ಟೆಯ ಗಂಟು ಹಿಡಿದು ಹೊರಟಾಗ ಅವನ ಬೆನ್ನಿಗೆ ಕೈ ಹಚ್ಚಿ, "ನಿನ್ನ ಹದಿನಾರು ಇಂಚು ನನಗೆ ಬಿಟ್ಟುಹೋಗ್ತಿದ್ದೀಯ. ಇವತ್ತು ಅಂಗಾತ ಮಲಗ್ತೀನಿ" ಎಂದ.

ನನಗೂ ಆ ದಿನವೇ ಕಾಗದ ಬಂತು. ತಪ್ಪು ಅಳತೆ ನೀಡಿದ ಕಾರಣ ವಿಚಾರಣೆ ಮುಗಿಯುವವರೆಗೆ ಅಮಾನತು. ವಿಚಾರಣೆ ಯಾವಾಗ ಎಂದು ಅದರಲ್ಲಿ ಬರೆದಿರಲಿಲ್ಲ. ಕರಣೆ, ರಸಮಟ್ಟ, ತೂಗುಗುಂಡು ಚೀಲಕ್ಕೆ ಹಾಕಿಕೊಂಡೆ. ಟೇಪು ಇಲಾಖೆಯದು, ಮೇಜಿನ ಮೇಲಿಟ್ಟೆ.

ಗೇಟಿನ ಚಿಕ್ಕ ಬಾಗಿಲಿನಿಂದ ಅಣ್ಣ ತಮ್ಮ ಒಟ್ಟಿಗೆ ಹೊರಗೆ ಬಂದೆವು. ಅವನ ಹೆಂಡತಿ ಮಗಳ ಕೈ ಹಿಡಿದು ನಿಂತಿದ್ದಳು. ಗಂಡನನ್ನು ನೋಡಿ ಅತ್ತಳು. ನನ್ನ ಚೀಲ ನೋಡಿ ಅಳು ನಿಲ್ಲಿಸಿದಳು.

"ಅಯ್ಯೋ ಭಾವ, ನಿಮ್ಮನ್ನೂ ಬಿಟ್ಟುಬಿಟ್ರಾ?" ಎಂದಳು. ನಗು ತಡೆಯಲಾಗದೆ ನಾವು ಮೂವರೂ ನಕ್ಕೆವು. ಮಗು ಏನೂ ತಿಳಿಯದೆ ಅಪ್ಪನ ಒಳಗೆ ಹೋದ ಭುಜವನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ನೀಲಿ ವ್ಯಾನು ಬಂತು. ನಾವು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆವು. ಹಿಂದಿನ ಬಾಗಿಲು ತೆರೆದು ಹೊಸಬರನ್ನು ಇಳಿಸಿದರು. ಕೋರ್ಟಿನಿಂದ ನೇರ ಬಂದವರು, ಇನ್ನೂ ಮನೆಯ ಬಟ್ಟೆಯಲ್ಲೇ ಇದ್ದರು. ತಮ್ಮನ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದ.

"ಹನ್ನೊಂದು" ಎಂದ. "ನಾನೂರ ಎಪ್ಪತ್ತನಾಲ್ಕಾಯ್ತು. ಇವರೆಲ್ಲ ಒಳಗೇ ಉಳಿದ್ರೆ ಮುಂದಿನ ತಿಂಗಳು ದರ್ಜಿ ಹೊರಗೆ ಬರ್ತಾನೆ."

"ತಿಂಗಳ ಕೊನೆಗೆ ಆ ವ್ಯಾನು ಬರದೇ ಇದ್ರೆ" ಎಂದೆ.

ಹನ್ನೊಂದನೆಯವನು ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋದ. ಹಿಂದೆಯೇ ಶೇಕಡಾ ಒದ್ದೆ ಬಟ್ಟೆ, ಸೀಮೆಸುಣ್ಣ ಹಿಡಿದು ಹಲಗೆಯ ಬಳಿ ಬಂದ. ನಮ್ಮನ್ನು ನೋಡಿದರೂ ಅವನು ಪರ್ಸೆಂಟು ಹೇಳಲಿಲ್ಲ. ನಾವೂ ಕೇಳಲು ನಿಲ್ಲಲಿಲ್ಲ.